ವಾಲ್ವಿನ ಅಡಿಯಲ್ಲಿ ಕಾಗದದಷ್ಟು ಜಾಗ

ಹೆಂಚಿನ ಸಂದಿಯಿಂದ ಇಳಿದ ಒಂದೇ ಒಂದು ಬಿಸಿಲ ಕೋಲು ಶೆಡ್ಡಿನ ನೆಲದ ಮೇಲೆ ನಿಂತಿದೆ. ಅದರ ಬೆಳಕಿನಲ್ಲಿ ಸಣ್ಣದೊಂದು ಟ್ರ್ಯಾಕ್ಟರು. ಗಾಲಿಗಳು ಎರಡೇ, ಕಬ್ಬಿಣದವು, ಹಲ್ಲುಗಳ ನಡುವೆ ಒಣಗಿದ ಕಪ್ಪು ಮಣ್ಣು. ಹಿಂದಕ್ಕೆ ಚಾಚಿದ ಎರಡು ಹಿಡಿಕೆಗಳು, ನೇಗಿಲ ಮೇಣಿಯನ್ನು ಎರಡಾಗಿ ಸೀಳಿದಂತೆ. ಹತ್ತಿ ಕೂರುವ ಯಂತ್ರವಲ್ಲ ಅದು; ಹಿಡಿದುಕೊಂಡು ಹಿಂದೆ ನಡೆಯುವ ಯಂತ್ರ. ಎಂಜಿನ್ನಿನ ನೆತ್ತಿಯ ಮೇಲೆ ಗಂಧದ ಬೊಟ್ಟು, ಬಾಡಿದ ಎರಡು ಎಸಳು ಚೆಂಡುಹೂವು. ಪಕ್ಕದಲ್ಲಿ, ಗಾಲಿಗೆ ಒರಗಿ, ಕಂಬಳಿಯಲ್ಲಿ ಸುತ್ತಿ ಹಗ್ಗ ಬಿಗಿದ ಒಂದು ಗಂಟು. ಗಂಟಿನ ಬಾಯಿಂದ ತಂಬಿಗೆಯೊಂದರ ಕಂಠ ಇಣುಕುತ್ತಿದೆ. ಯಾವುದೂ ಅಲುಗದು. ಬಿಸಿಲಿನಲ್ಲಿ ತೇಲುವ ಧೂಳಿಗೂ ಅವಸರವಿಲ್ಲ.

ಆ ಗಂಟು ಯಲಗೂರಪ್ಪನದು. ಆ ಯಂತ್ರವನ್ನು ಹಿಡಿದು ಎರಡು ವರ್ಷ ತೋಟದ ಸಾಲುಗಳಲ್ಲಿ ನಡೆದವನು ಅವನೇ. ಅಂದು ಸಂಜೆ ಅವನು ಈ ಮನೆಯ ಕೆಲಸ ಬಿಟ್ಟು ಹೊರಡಬೇಕೆಂದು ಮಾಲೀಕ ಜಿನಗೊಂಡ ಹೇಳಿದ್ದ.

ಅದು ಸಾವಿರದ ಒಂಬೈನೂರ ನಲವತ್ತನೆಯ ಇಸವಿಯ ಮಾಘಮಾಸ. ಹಾತಕಣಂಗಲೆಯ ಸ್ಟೇಷನ್ನಿನಿಂದ ಒಂದು ತಾಸು ನಡೆದರೆ ಸಿಗುವ ಹಳ್ಳಿಯಲ್ಲಿ ಜಿನಗೊಂಡನ ಎಂಟು ಎಕರೆ ತೋಟ. ಕಬ್ಬು, ಅರಿಶಿನ, ಬದನೆ, ಮೆಣಸಿನಕಾಯಿ. ಯುದ್ಧಕ್ಕೆ ಮುಂಚೆ ಮುಂಬಯಿಯಿಂದ ತರಿಸಿದ ಈ ಪುಟ್ಟ ಟ್ರ್ಯಾಕ್ಟರು ಸಾಲುಗಳ ನಡುವೆ ಕಳೆ ಕೀಳುತ್ತಿತ್ತು. ಮುಂಜಾನೆ ಪಂಪಿಗೆ ಪಟ್ಟಾ ಕಟ್ಟಿದರೆ ಬಾವಿಯ ನೀರನ್ನೂ ಎತ್ತುತ್ತಿತ್ತು. ಒಂದು ತಿಂಗಳಿಂದ ಅದಕ್ಕೆ ಏನೋ ಆಗಿತ್ತು. ಚಾಲೂ ಮಾಡಲು ಬೆವರಿಳಿಯಬೇಕು. ಚಾಲೂ ಆದರೂ ನಾಲ್ಕು ಸಾಲು ಮುಗಿಸುವುದರೊಳಗೆ ಏದುಸಿರು. ಎಣ್ಣೆ ಮಾತ್ರ ಒಂದೂವರೆ ಪಟ್ಟು ಕುಡಿಯುತ್ತಿತ್ತು. ಮೂರು ದಿನಗಳಿಂದ ಪೂರ್ತಿ ಸ್ತಬ್ಧ. ಅರಿಶಿನಕ್ಕೆ ನೀರು ಬಿದ್ದಿರಲಿಲ್ಲ.

"ಹೊಡದ ಹೊಡದ ಕೊಂದಾನ ಅದನ್ನ," ಎಂದು ಜಿನಗೊಂಡ ಎಲ್ಲರೆದುರು ಹೇಳಿದ್ದ. "ಮಗ್ಗ ಬಡಿಯೋ ಕೈ ಅದು. ನನ್ನ ಯಂತ್ರ ಹಿಡಿಯೋ ಕೈ ಅಲ್ಲ."

ಯಲಗೂರಪ್ಪ ತನ್ನ ಗಂಟು ಕಟ್ಟಿಕೊಂಡ. ಮುದ್ದೇಬಿಹಾಳದ ಕಡೆಯಿಂದ ಹೊಟ್ಟೆಪಾಡಿಗೆ ಇಚಲಕರಂಜಿಗೆ ಬಂದು, ಆರು ವರ್ಷ ಮಗ್ಗದ ಶೆಡ್ಡಿನಲ್ಲಿ ದುಡಿದು, ಹತ್ತಿಯ ಧೂಳಿಗೆ ಎದೆ ಕಟ್ಟಿ, ಕೆಮ್ಮು ಹತ್ತಿ, ಬಯಲ ಗಾಳಿಗೆಂದು ಈ ತೋಟಕ್ಕೆ ಬಂದವನು ಅವನು. ಇಲ್ಲಿ ಕೆಮ್ಮು ನಿಂತಿತ್ತು. ಇಲ್ಲಿಂದ ಹೊರಟರೆ ಮತ್ತೆ ಅದೇ ಶೆಡ್ಡು, ಅದೇ ಧೂಳು. ಬೇರೆ ಕಸುಬು ಅವನಿಗೆ ತಿಳಿಯದು.

ಅಂದು ಇಚಲಕರಂಜಿಯಲ್ಲಿ ಮಗ್ಗಗಳಿಗೆ ರಜೆ. ಯಲಗೂರಪ್ಪನ ಮಗ್ಗದ ದಿನಗಳ ಗೆಳೆಯ, ಫಿಟ್ಟರ್ ತಮ್ಮಣ್ಣ, ಸೈಕಲ್ಲನ್ನು ಊರಲ್ಲೇ ಬಿಟ್ಟು, ಹತಾರಗಳ ಚೀಲವನ್ನು ಹೆಗಲಿಗೇರಿಸಿ, ನಡೆದುಕೊಂಡೇ ಬಂದ. ಮಗ್ಗಗಳ ಗಾಲಿಯಿಂದ ಹಿಡಿದು ಎಣ್ಣೆಯ ಎಂಜಿನ್ನುಗಳವರೆಗೆ ಅವನ ಕೈಗೆ ಬಾರದ ಯಂತ್ರವಿರಲಿಲ್ಲ. ಸಂಜೆ ಹಿಂದಿರುಗುವಾಗ ಯಲಗೂರಪ್ಪನನ್ನು ಜೊತೆಗೆ ಕರೆದೊಯ್ದು ಯಾವುದಾದರೊಂದು ಶೆಡ್ಡಿನಲ್ಲಿ ಸೇರಿಸುವುದೆಂದೂ ಮಾತಾಗಿತ್ತು.

"ಯಾ ಯಾ, ಪಾಹುಣೆ!" ಎಂದು ಜಿನಗೊಂಡ ಮರಾಠಿಯಲ್ಲಿ ಸ್ವಾಗತಿಸಿದ. "ನೋಡ್ರಿ ಇದರ ಹಣೇಬರಾ. ಕಬ್ಬಿಣದ್ದಂತ ಅಷ್ಟು ರೊಕ್ಕಾ ಹಾಕಿ ತಂದ್ನಿ. ಎತ್ತಾದ್ರ ಹನ್ನೆರಡು ವರ್ಷ ದುಡೀತಿತ್ತು."

"ಎತ್ತಿಗೆ ಅಮಾಸಿ ದಿನ ನೊಗಾ ಹಾಕ್ತೀರೇನ್ರಿ?" ತಮ್ಮಣ್ಣ ಚೀಲ ಇಳಿಸುತ್ತ ಕೇಳಿದ.

"ಛೇ ಛೇ! ನಮ್ಮೂರಾಗ ಯಾರೂ ಹಾಕಂಗಿಲ್ಲ. ಅವತ್ತ ಮೈ ತೊಳದು, ಗೊರಸ ನೋಡಿ, ಸುಮ್ಮ ಬಿಡೋದು."

"ಇದಕ್ಕ?"

"ಇದಕ್ಕೇನ್ ಗೊರಸ ಐತೇನ್ರಿ?" ಜಿನಗೊಂಡ ನಕ್ಕ. "ಕಬ್ಬಿಣಕ್ಕೇನ್ ದಣುವಾ?"

ತಮ್ಮಣ್ಣ ಯಂತ್ರದ ಮುಂದೆ ಬಗ್ಗಿದ. ಚಾಲೂ ಮಾಡುವ ಹಿಡಿಕೆಯನ್ನು ಮೆಲ್ಲಗೆ ತಿರುಗಿಸಿದ. ಅದು ಒಂದೇ ಬೆರಳಿಗೆ ಸರಾಗವಾಗಿ ಸುತ್ತಿತು. ಅಡಿಗೆಮನೆಯ ಬಾಗಿಲಿನಿಂದ ನೋಡುತ್ತಿದ್ದ ಜಿನಗೊಂಡನ ಹೆಂಡತಿ ಕಾಂಚನ, "ಅಯ್ಯ, ಎಷ್ಟ್ ಹಗರಾಗಿ ತಿರಗತೈತ್ರಿ!" ಎಂದಳು.

"ಅದs ಬ್ಯಾನಿ ನೋಡ್ರಿ, ವೈನಿ. ಹಿಂಗ ತಿರಗಬಾರದು. ಸುತ್ತಿನಾಗ ಒಂದ್ ಕಡೆ ಎದಿ ಉಬ್ಬಿಸಿ ಅಡ್ಡ ನಿಲ್ಲಬೇಕದು. ಈಗ ಇದಕ್ಕ ದಮ್ಮs ಇಲ್ಲ. ಉಸರ ಎಲ್ಲೋ ಸೋರಾಕತ್ತೈತಿ." ಅವನು ಯಲಗೂರಪ್ಪನತ್ತ ತಿರುಗಿದ. "ಬಾರೋ ಮಾವಾ, ಮೂಲ್ಯಾಗ ಕುಂತರ ಹ್ಯಾಂಗ? ಪಾನಾ ಹಿಡಿ, ನಟ್ಟ ಬಿಚ್ಚೋಣು."

"ಹೋಗೋ ಹೊತ್ತನ್ಯಾಗ ಯಾಕ್ ಬಿಡೋ," ಎಂದ ಯಲಗೂರಪ್ಪ. ಆದರೂ ಎದ್ದು ಬಂದ.

ಇಬ್ಬರೂ ಸೇರಿ ಎಂಜಿನ್ನಿನ ನೆತ್ತಿಯ ಮುಚ್ಚಳವನ್ನು ಬಿಚ್ಚಿದರು. ಒಳಗೆ ಮಸಿ. ಮಸಿಯ ನಡುವೆ ರೂಪಾಯಿ ನಾಣ್ಯಗಳಂತೆ ಎರಡು ಲೋಹದ ಬಿಲ್ಲೆಗಳು.

"ಇವs ವಾಲ್ವು," ಎಂದ ತಮ್ಮಣ್ಣ. "ಒಂದು ಎಣ್ಣಿ-ಗಾಳಿ ಒಳಗ ಬಿಡತೈತಿ. ಇನ್ನೊಂದು ಸುಟ್ಟ ಹೊಗಿ ಹೊರಗ ಹಾಕತೈತಿ. ಒಳಗ ಬೆಂಕಿ ಹತ್ತೂ ಹೊತ್ತನ್ಯಾಗ ಎರಡೂ ಗಚ್ಚಾಗಿ ಮುಚ್ಚಿರಬೇಕು. ಮುಚ್ಚಿದ್ರ ದಮ್ಮು. ಇಲ್ಲಂದ್ರ ಸೋರಿಕಿ."

ಸ್ಪ್ರಿಂಗು ಕಳಚಿ ಹೊಗೆಯ ವಾಲ್ವನ್ನು ಅವನು ಹೊರತೆಗೆದು ಬಿಸಿಲಿಗೆ ಹಿಡಿದ. ಅದರ ಅಂಚಿನಲ್ಲಿ ಒಂದು ಕಡೆ ಬಣ್ಣವೇ ಬೇರೆ. ಇಲಿ ಕೆರೆದ ರೊಟ್ಟಿಯ ಅಂಚಿನಂತೆ ತುಸುವೇ ತರಿತರಿಯಾಗಿತ್ತು.

"ನೋಡಿದ್ರ್ಯಾ? ಸುಟ್ಟಾನ!" ಜಿನಗೊಂಡ ಯಲಗೂರಪ್ಪನತ್ತ ಕೈಮಾಡಿದ. "ನಾ ಹೇಳಿದ್ನಿಲ್ಲೋ?"

"ತಡೀರಿ ಜಿನಗೊಂಡಣ್ಣ. ಹುಣ್ಣ ನೋಡಿದ ಕೂಡ್ಲೆ ಹೊಡದವರ ಹೆಸರ ಹೇಳಬಾರದು."

ವಾಲ್ವನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ, ಸ್ಪ್ರಿಂಗು ಹಾಕಿ, ತಮ್ಮಣ್ಣ ಬಗ್ಗಿ ಅದರ ಕಾಲಿನ ಬುಡ ನೋಡಿದ. ವಾಲ್ವಿನ ಕಾಲನ್ನು ಕೆಳಗಿನಿಂದ ಮೇಲೆತ್ತಲು ಅಲ್ಲಿ ಒಂದು ಚಿಕ್ಕ ಉಕ್ಕಿನ ಗೂಟ. ಕಾಲಿಗೂ ಗೂಟಕ್ಕೂ ನಡುವೆ ಅವನು ಕಾಗದದಷ್ಟು ತೆಳುವಾದ ತಗಡಿನ ಪಟ್ಟಿಯೊಂದನ್ನು ತೂರಿಸಲು ನೋಡಿದ. ಹೋಗಲಿಲ್ಲ. ಅದಕ್ಕಿಂತ ತೆಳುವಾದುದನ್ನು ತೆಗೆದ. ಅದೂ ಹೋಗಲಿಲ್ಲ.

"ಈ ಗೂಟದ ನಟ್ಟ ಯಾರ್ ಬಿಗದಾರ?"

ಯಲಗೂರಪ್ಪ ತಲೆಯಲ್ಲಾಡಿಸಿದ. "ನಾ ಅದನ್ನ ಮುಟ್ಟೇ ಇಲ್ಲೋ. ಸಂಕ್ರಮಣಕ್ಕ ಊರಿಗೆ ಹೋಗಿದ್ದೆ, ಎಂಟ ದಿನ. ಬಂದ ಚಾಲೂ ಮಾಡಿದ್ರ ಟಿಕ್ ಟಿಕ್ ಸದ್ದs ಇಲ್ಲ. ಮಾಲಕರನ್ನ ಕೇಳಿದ್ನಿ, ಸದ್ದ ಎಲ್ಲಿ ಹೋತ್ರಿ ಅಂತ."

"ನಾನs ಬಿಗದೇನಿ," ಎಂದ ಜಿನಗೊಂಡ. ಅವನ ದನಿಯಲ್ಲಿ ಅಪರಾಧವಿರಲಿಲ್ಲ, ಹೆಮ್ಮೆಯೇ ಇತ್ತು. "ಅಲ್ರೀ, ಅದನ್ನ ಬಿಗದಿದ್ದಕ್ಕ ಸದ್ದ ನಿಂತು, ಯಂತ್ರ ಛಲೋ ಆತಲಾ!"

ತಮ್ಮಣ್ಣ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದ. "ಸದ್ದ ಯಾಕ್ ನಿಲ್ಲಿಸಬೇಕಾಗಿತ್ರಿ?"

ಕಾರಣವಿತ್ತು, ಅದು ಕೆಟ್ಟ ಕಾರಣವಾಗಿರಲಿಲ್ಲ. ಜಿನಗೊಂಡನ ತಾಯಿ ಮಾಣಿಕಬಾಯಿ ಪ್ರತಿ ಮುಂಜಾನೆ ಜೈನರ ಸಾಮಾಯಿಕ ಧ್ಯಾನಕ್ಕೆ ಕೂರುವವರು. ಎರಡು ಗಳಿಗೆ ಅಲುಗದೆ, ಮಾತಾಡದೆ, ಜಪಮಾಲೆ ಹಿಡಿದು ಣಮೋಕಾರ ಮಂತ್ರದ ಜಪ. ಅವರ ಕೋಣೆಗೂ ಶೆಡ್ಡಿಗೂ ನಡುವೆ ಒಂದೇ ಗೋಡೆ. ಎಂಜಿನ್ನಿನ ದೊಡ್ಡ ಗದ್ದಲ ಅವರಿಗೆ ಕೇಳಬಾರದೆಂದು ಮಗ ಹೊಗೆಯ ಕೊಳವೆಯನ್ನು ದೂರದ ಗುಂಡಿಗೆ ಒಯ್ದು ಕಲ್ಲು ಮುಚ್ಚಿದ್ದ. ಗದ್ದಲ ಅಡಗಿತು. ಆದರೆ ಒಂದು ಟಿಕ್ ಟಿಕ್ ಉಳಿಯಿತು. "ಮಣಿ ಎಣಸೋದು ತಪ್ಪತೈತೋ ಯಪ್ಪಾ, ಅದು ಬ್ಯಾರೆನ ಎಣಸತೈತಿ," ಎಂದು ಒಮ್ಮೆ ತಾಯಿ ನಕ್ಕು ಹೇಳಿದ್ದರು. ಒಮ್ಮೆಯೇ. ಮಗನಿಗೆ ಅಷ್ಟು ಸಾಕಾಗಿತ್ತು. ಸದ್ದು ಬರುವ ಜಾಗವನ್ನು ಹುಡುಕಿ, ಪಾನಾ ಹಿಡಿದು, ಸದ್ದು ಸಾಯುವವರೆಗೆ ಬಿಗಿದಿದ್ದ.

ಇದನ್ನು ಕೇಳಿ ತಮ್ಮಣ್ಣ ನಗಲಿಲ್ಲ. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತ.

"ಜಿನಗೊಂಡಣ್ಣ, ನಿಮ್ಮ ಮನಸ್ಸು ದೊಡ್ಡದು. ಖರೇ ಆ ಸದ್ದ ಜಡ್ಡಿನ ಸದ್ದ ಅಲ್ರಿ. ವಾಲ್ವಿಗೂ ಗೂಟಕ್ಕೂ ನಡುವೆ ಒಂದ್ ಕಾಗದದಷ್ಟು ಜಾಗಾ ಇರಬೇಕು. ಆ ಜಾಗಾ ದಾಟಿ ಗೂಟ ಬಂದ ತಾಕಿದಾಗ ಟಿಕ್ ಅಂತೈತಿ. ಜಾಗಾ ಇದ್ರ ಸದ್ದ ಇರತೈತಿ. ಸದ್ದ ಭಾಳ ಜೋರಾದ್ರ ಜಾಗಾ ಹೆಚ್ಚಾಗೇತಿ. ಪೂರಾ ಹೋತಂದ್ರ ಜಾಗಾನs ಹೋಗೇತಿ."

"ಜಾಗಾ ಯಾಕ್ ಬೇಕು? ತಾಕಿ ಕುಂತ್ರ ಗಟ್ಟಿ ಅಲ್ಲೇನು?"

ತಮ್ಮಣ್ಣ ಬಾಯಿ ತೆರೆಯುವುದರೊಳಗೆ ಕಾಂಚನ ಮುಂದೆ ಬಂದಳು. "ಬಡಿಗ್ಯಾರು ಚಕ್ಕಡಿ ಗಾಲಿಗೆ ಕಬ್ಬಿಣದ ಹಳಿ ಕೂಡಸೋದು ನೋಡಿಲ್ಲೇನ್ರಿ? ಕುಳ್ಳಿನ ಬೆಂಕ್ಯಾಗ ಕೆಂಪಗ ಕಾಸ್ತಾರು. ಕಾದ್ರ ಹಳಿ ಹಿಗ್ಗತೈತಿ, ಗಾಲಿ ಮ್ಯಾಲೆ ಕೂಡತೈತಿ. ಇದೂ ಹಂಗs ಹಿಗ್ಗತಿರಬೇಕು."

"ಬರೋಬ್ಬರಿ, ವೈನಿ!" ತಮ್ಮಣ್ಣ ತೊಡೆ ತಟ್ಟಿದ. "ನಾ ಒಂದ್ ತಾಸ ಹೇಳೋದನ್ನ ನೀವು ಒಂದs ಮಾತನ್ಯಾಗ ಹೇಳಿದ್ರಿ. ಯಂತ್ರ ಕಾದಾಗ ವಾಲ್ವಿನ ಕಾಲು ಉದ್ದಾಗತೈತಿ. ಕೆಳಗ ಜಾಗಾ ಇಲ್ಲಂದ್ರ ಎಲ್ಲಿ ಹೋಗಬೇಕದು? ತಲಿ ಮ್ಯಾಲೆ ಎತ್ತತೈತಿ. ವಾಲ್ವು ಪೂರಾ ಮುಚ್ಚಂಗಿಲ್ಲ. ಆ ಸಂದ್ಯಾಗಿಂದ ಬೆಂಕಿ ನುಗ್ಗಿ ಅಂಚ ಸುಡತೈತಿ. ಗಡಹಿಂಗ್ಲಜದಾಗ ಒಬ್ಬರ ಪಂಪಿನ ಎಂಜಿನ್ ಹಿಂಗs ಆಗಿತ್ತು. ನಾ ಹೋಗೂದ್ರಾಗ ವಾಲ್ವ ಮುರದು ಒಳಗ ಬಿದ್ದು ಎಲ್ಲಾ ಚೂರಾಗಿತ್ತು."

ಜಿನಗೊಂಡನ ಮುಖದಲ್ಲಿ ಬಣ್ಣ ಇಳಿಯಿತು. "ಹಂಗಾರ ಹೊಸಾದ ತರಸೋಣ್ರಿ. ಮುಂಬಯಿಗೆ ಇವತ್ತs ಕಾಗದಾ ಹಾಕ್ತೇನಿ."

"ಮುಂಬಯಿಗೆ ಎಲ್ಲಿಂದ ಬರಬೇಕ್ರಿ? ಯುದ್ಧ ಹತ್ತೇತಿ. ಹಡಗs ಬರವಲ್ವು." ತಮ್ಮಣ್ಣ ವಾಲ್ವನ್ನು ಮತ್ತೆ ಹೊರತೆಗೆದು ಅಂಗೈಯಲ್ಲಿ ಹೊರಳಿಸಿದ. "ಸುಟ್ಟಿದ್ದು ಮ್ಯಾಲ್ ಮ್ಯಾಲೆ ಐತಿ. ಉಜ್ಜಿದ್ರ ಕೂಡತೈತಿ. ಇನ್ನ ಹದಿನೈದ ದಿನಾ ಹಿಂಗs ಓಡಿಸಿದ್ರ ಕೈ ಬಿಡತಿತ್ತು. ಎಂಜಿನ್ ನಿಲ್ಲಿಸಿ ನನ್ನ ಕರೀರಿ ಅಂದಾವರು ಯಾರು?"

ಕಾಂಚನ ಗಂಡನನ್ನು ನೋಡಿದಳು. "ಯಲಗೂರಪ್ಪ ಅಂದಿದ್ದ," ಎಂದಳು. "ಮೂರ ದಿನದ ಹಿಂದ. 'ಇನ್ನ ಓಡಸಂಗಿಲ್ಲ, ಬಾಯಿಮಾಡ್ರಿ ಬೇಕಾದ್ರ' ಅಂದ. ಅದಕ್ಕs ಇವರು ಅವಗ ಹೋಗಂದಿದ್ದು."

ಕೆಲಸ ಆರಂಭವಾಯಿತು. ತಮ್ಮಣ್ಣ ಮಸಿಯನ್ನು ಕಟ್ಟಿಗೆಯ ಚೂರಿನಿಂದ ಕೆರೆದು ತೆಗೆಸಿದ. ಉಕ್ಕಿನ ಹತಾರದಿಂದ ಕೆರೆದರೆ ಗೀರು ಬೀಳುತ್ತದೆ ಎಂದ. ಕೊಲ್ಲಾಪುರದಿಂದ ತಂದಿದ್ದ ಉಜ್ಜುವ ಹಿಟ್ಟನ್ನು ವಾಲ್ವಿನ ಅಂಚಿಗೆ ತೆಳ್ಳಗೆ ಸವರಿದ. ವಾಲ್ವನ್ನು ಅದರ ಕುಳಿಯಲ್ಲಿಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತ, ನಡುನಡುವೆ ಎತ್ತಿ ಜಾಗ ಬದಲಿಸುತ್ತ, "ಹಿಂಗ, ಮಜ್ಜಿಗಿ ಕಡಿದಂಗ. ಜೋರ ಹಾಕಬ್ಯಾಡ," ಎಂದು ಯಲಗೂರಪ್ಪನ ಕೈಗೆ ಕೊಟ್ಟ.

"ಮಗ್ಗ ಬಡಿಯೋ ಕೈರಿ ಇದು," ಎಂದ ಯಲಗೂರಪ್ಪ, ಯಾರ ಮುಖವನ್ನೂ ನೋಡದೆ.

ಒಂದು ತಾಸಿನ ಬಳಿಕ ವಾಲ್ವಿನ ಅಂಚಿನಲ್ಲಿ ಸುತ್ತಲೂ ಒಂದೇ ಸಮನಾದ ಬೂದು ಬಣ್ಣದ ಉಂಗುರ ಮೂಡಿತು, ಕುಳಿಯಲ್ಲಿಯೂ ಅಂಥದೇ. ಹಿಟ್ಟಿನ ಒಂದು ಕಣವೂ ಉಳಿಯದಂತೆ ಚಿಮಣಿ ಎಣ್ಣೆಯಿಂದ ತೊಳೆದರು. ವಾಲ್ವನ್ನು ಕೂರಿಸಿ ಮೇಲೆ ಎಣ್ಣೆ ಸುರಿದು ಕಾದರು. ಎಲೆ ಅಡಿಕೆ ಜಗಿದು ಮುಗಿಯುವಷ್ಟು ಹೊತ್ತಾದರೂ ಕೆಳಗೆ ಒಂದು ಹನಿ ಇಳಿಯಲಿಲ್ಲ.

"ಈಗ ಜಾಗಾ ಇಡೋದು," ಎಂದ ತಮ್ಮಣ್ಣ. ಯಂತ್ರದೊಡನೆ ಬಂದಿದ್ದ ತಗಡಿನ ಡಬ್ಬಿಯನ್ನು ಕಾಂಚನ ಅಟ್ಟದಿಂದ ಇಳಿಸಿದಳು. ಎರಡು ವರ್ಷ ಅದನ್ನು ಯಾರೂ ತೆರೆದಿರಲಿಲ್ಲ. ಒಳಗೆ ಯಂತ್ರದ ಪುಸ್ತಕ. ಬೇರೆ ಬೇರೆ ದಪ್ಪದ ತಗಡಿನ ಪಟ್ಟಿಗಳ ಒಂದು ಗೊಂಚಲು. "ಎಷ್ಟ್ ಜಾಗಾ ಅನ್ನೋದು ಈ ಪುಸ್ತಕದಾಗ ಐತಿ. ಒಂದೊಂದ್ ಯಂತ್ರಕ್ಕ ಒಂದೊಂದು. ಊಹಾ ಮಾಡಬಾರದು. ಹೊಗಿ ವಾಲ್ವು ಹೆಚ್ಚ ಕಾಯತೈತಿ, ಇದರಾಗ ಅದಕ್ಕ ಹೆಚ್ಚ ಜಾಗಾ ಬರದಾರ. ನೋಡೋವಾಗ ಯಂತ್ರ ಪೂರಾ ತಣ್ಣಗಿರಬೇಕು. ವಾಲ್ವು ಪೂರಾ ಮುಚ್ಚಿರಬೇಕು. ಪಟ್ಟಿ ತೂರಿಸಿದ್ರ ತುಸು ಹಿಡದಂಗಾಗಿ ಜಾರಬೇಕು. ನಟ್ಟ ಬಿಗದ ಮ್ಯಾಲೆ ಮತ್ತೊಮ್ಮಿ ನೋಡಬೇಕು, ಬಿಗಿಯೋವಾಗ ಸರೀತೈತದು."

"ನಾ ನೋಡ್ಲ್ಯಾ?" ಎಂದಳು ಕಾಂಚನ. ಪಟ್ಟಿ ತೂರಿಸಿ, ಎಳೆದು, ಕಣ್ಣು ಮುಚ್ಚಿ ಬೆರಳಿಗೆ ಬಂದ ಬಿಗುವನ್ನು ಗುರುತು ಮಾಡಿಕೊಂಡಳು. "ತಿಳೀತ್ರಿ. ರೇಷ್ಮಿ ಸೀರಿ ಉಂಗುರದಾಗ ಹಾಯಿಸಿದಂಗ."

"ಹಂಗಾರ ಅಮಾಸಿಗೊಮ್ಮಿ ಈ ಕೆಲಸ ನಿಮ್ಮದು, ವೈನಿ. ಎತ್ತಿಗೆ ರಜಾ ಇದ್ದಂಗ ಇದಕ್ಕೂ ಒಂದ್ ದಿನಾ. ಮತ್ತೊಂದ್ ಮಾತು." ತಮ್ಮಣ್ಣ ಎಣ್ಣೆಯ ಡಬ್ಬಿಯನ್ನು ಅಲುಗಿಸಿ ತಳದ ಕಸ ತೋರಿಸಿದ. "ನೀವು ಕುಡಿಯೋ ನೀರು ಅರಿವೀಲೆ ಸೋಸಿ ಕುಡಿಯೋ ಮಂದಿ. ಇದಕ್ಕ ಇಂಥಾದ್ದನ್ನ ಕುಡಿಸ್ತೀರೇನ್ರಿ?"

ಜಿನಗೊಂಡ ಮೊದಲ ಬಾರಿಗೆ ತಲೆ ತಗ್ಗಿಸಿ ನಕ್ಕ.

ಅಷ್ಟರಲ್ಲಿ ಒಳಗಿನ ಹೊಸ್ತಿಲ ಮೇಲೆ ಮಾಣಿಕಬಾಯಿ ಬಂದು ನಿಂತಿದ್ದರು. ಬಿಳಿ ಸೀರೆ, ಕೈಯಲ್ಲಿ ಜಪಮಾಲೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ ಯಾರೂ ಗಮನಿಸಿರಲಿಲ್ಲ.

"ಜಿನ್ನೂ," ಎಂದರು. "ನನ್ನ ಮಣಿ ತಪ್ಪಬಾರದಂತ ಒಬ್ಬಾಂವನ ಅನ್ನಾ ತಪ್ಪಸಾಕ ಹೊಂಟಿದ್ದೇನೋ?"

"ಅವ್ವಾ, ನನಗ ಗೊತ್ತಿರಲಿಲ್ಲ..."

"ಗೊತ್ತಿಲ್ಲದs ಬಿಗದಿ. ಅದು ಚೂಕ, ಬರೇ ತಪ್ಪು. ಗೊತ್ತಿಲ್ಲದs ಇವನ ಮ್ಯಾಲೆ ಹಾಕಿದಿ. ಅದಕ್ಕೇನಂತಾರು? ದಶಲಕ್ಷಣ ಪರ್ವ ಮುಗದ ಮರುದಿನಾ ಕ್ಷಮಾವಾಣಿ ಅಂತ ಮನಿ ಮನಿ ತಿರಗತೀ, ಕಂಡ ಕಂಡವರಿಗೆ ಕೈ ಮುಗದು 'ಕ್ಷಮಾ ಮಾಡ್ರಿ' ಅಂತೀ. ಏನೂ ತಪ್ಪ ಮಾಡದವರ ಮುಂದ ಅನ್ನೋದು ಹಗರ ಐತಿ. ಇವತ್ತ ಅನ್ನು."

ಜಿನಗೊಂಡ ಯಲಗೂರಪ್ಪನತ್ತ ತಿರುಗಿ ಕೈ ಜೋಡಿಸಿದ. "ಯಲಗೂರಪ್ಪಾ... ಕ್ಷಮಾ ಮಾಡು. ಯಂತ್ರ ಕೊಂದಾವ ನಾ. ಉಳಿಸಿದಾವ ನೀ."

"ಅಯ್ಯ ಮಾಲಕರ, ಕೈ ಇಳಸ್ರಿ." ಯಲಗೂರಪ್ಪ ಕಣ್ಣೊರೆಸಿಕೊಂಡ. ಮುಖಕ್ಕೂ ಮಸಿ ಹತ್ತಿತು. ಆದರೆ ಇರುತ್ತೇನೆ ಎಂದೂ ಅವನು ಹೇಳಲಿಲ್ಲ. "ಮೊದಲ ಇದು ಹೊಂಡಲಿ. ಆಮ್ಯಾಲೆ ನೋಡೋಣು," ಎಂದು, ತಮ್ಮಣ್ಣನೊಡನೆ ನೆತ್ತಿಯ ಮುಚ್ಚಳವನ್ನು ಮತ್ತೆ ಬಿಗಿದು, ಹಿಡಿಕೆಗೆ ಕೈ ಹಾಕಿದ.

ಈಗ ಅದು ಒಂದು ಬೆರಳಿಗೆ ತಿರುಗಲಿಲ್ಲ. ಅರ್ಧ ಸುತ್ತಿನಲ್ಲಿ ಎದೆಯುಬ್ಬಿಸಿ ಅಡ್ಡ ನಿಂತಿತು. ಯಲಗೂರಪ್ಪ ಹೆಜ್ಜೆಯೂರಿ ಎಳೆದ. ಎರಡನೆಯ ಎಳೆತಕ್ಕೆ ಎಂಜಿನ್ನು ಹೊತ್ತಿಕೊಂಡಿತು. ನಿಂತ ನೆಲ ಸಣ್ಣಗೆ ನಡುಗಿತು. ಪಟ್ಟಾ ಏರಿಸಿದರು. ಬಾವಿಯ ನೀರು ಕಾಲುವೆಗೆ ಬಿದ್ದು, ಅರಿಶಿನದ ಸಾಲಿನತ್ತ ಹರಿಯತೊಡಗಿತು. ಮಾಣಿಕಬಾಯಿ ಕಿವಿಗೊಟ್ಟು ಆಲಿಸಿದರು. "ಇನ್ನ ಮ್ಯಾಲೆ ನನ್ನ ಸಾಮಾಯಿಕ ಮುಗಿದ ಮ್ಯಾಲೆ ನೀರ ಎತ್ರಿ," ಎಂದರು. "ಎರಡ ಗಳಗಿ ತಡಾ ಆದ್ರ ಅರಿಶಿಣ ಒಣಗಂಗಿಲ್ಲ. ಇಷ್ಟ ಸಣ್ಣ ಮಾತ ನನ್ನ ಕೇಳಬಾರದಾಗಿತ್ತೇನ?"

ಓದುವವರೇ, ಕೇಳುವವರೇ, ನಮ್ಮ ಸೀಮೆಯ ತೋಟಗಳಿಗೆ ಒಂದೊಂದಾಗಿ ಸಣ್ಣ ಎಂಜಿನ್ನುಗಳು ಬರುತ್ತಿವೆ. ನಿಮ್ಮ ಮನೆಯಲ್ಲಿ ಒಂದಿದ್ದರೆ, ನಾಳೆ ಅದು ತಣ್ಣಗಿರುವಾಗ ಹಿಡಿಕೆಯನ್ನು ಒಮ್ಮೆ ಮೆಲ್ಲಗೆ ತಿರುಗಿಸಿ ನೋಡಿ. ದಮ್ಮು ಇಲ್ಲದಿದ್ದರೆ, ಎಣ್ಣೆ ಹೆಚ್ಚು ಕುಡಿದರೆ, ಏರುವಾಗ ಸೋತರೆ, ಅಂದೇ ನಿಲ್ಲಿಸಿ, ಓಡಿಸುತ್ತ ಕಾಯಬೇಡಿ. ತಿಂಗಳಿಗೊಮ್ಮೆ ವಾಲ್ವಿನ ಜಾಗವನ್ನು ಪಟ್ಟಿಯಿಂದ ಅಳೆಯಿರಿ. ಅಳತೆಗೆ ನಿಮ್ಮ ಯಂತ್ರದ ಪುಸ್ತಕವೇ ಪ್ರಮಾಣ. ಓದಲು ಬಾರದಿದ್ದರೆ ಓದಬಲ್ಲವರನ್ನು ಕೇಳಿ, ಸಂಕೋಚಪಡಬೇಡಿ. ಎಣ್ಣೆಯನ್ನು ಸೋಸಿ ಹಾಕಿ. ಕಿವಿಗೆ ಹಿತವೆಂದು ಯಾವ ನಟ್ಟನ್ನೂ ಬಿಗಿಯಬೇಡಿ. ಮತ್ತು ಯಂತ್ರ ಕೆಟ್ಟ ದಿನ, ಅದನ್ನು ದಿನವೂ ಹಿಡಿದು ನಡೆಯುವವನ ಮಾತನ್ನು ಮೊದಲು ಕೇಳಿ. ಕಬ್ಬಿಣವಾದರೂ ಕಾದಾಗ ತುಸು ಹಿಗ್ಗಲು ಎಡೆ ಬೇಡುತ್ತದೆ. ಆ ಎಡೆಯನ್ನು ಮನುಷ್ಯನಿಗೂ ಕೊಡದೆ ನಾವು ಎಷ್ಟು ಸಂಬಂಧಗಳನ್ನು ಸುಟ್ಟುಕೊಂಡಿದ್ದೇವೆಯೋ, ಲೆಕ್ಕ ಇಟ್ಟವರಿಲ್ಲ.

ಹೊತ್ತು ಇಳಿಯಿತು. ತಮ್ಮಣ್ಣ ಹತಾರಗಳನ್ನು ಒರೆಸಿ ಚೀಲಕ್ಕೆ ತುಂಬಿ ಎದ್ದ. ದೀಪಕ್ಕೆ ಮುಂಚೆ ಉಣ್ಣುವ ಮನೆ ಅದು. ಕಾಂಚನ ಅವನಿಗೂ ಆಗಲೇ ರೊಟ್ಟಿ, ಝುಣಕ ಬಡಿಸಿದ್ದಳು.

"ಹೊಂಡೋಣೇನೋ ಮಾವಾ?" ಎಂದು ಅವನು ಯಲಗೂರಪ್ಪನನ್ನು ಕೇಳಿದ. "ಕತ್ತಲಾದ್ರ ಹಳ್ಳದ ದಾರಿ ಕಾಣಂಗಿಲ್ಲ."

ಜಿನಗೊಂಡ ಗಾಲಿಗೆ ಒರಗಿದ್ದ ಗಂಟಿನತ್ತ ನೋಡಿದ. ಕೇಳಬೇಕಾದ ಕ್ಷಮೆಯನ್ನು ಅವನು ಕೇಳಿಯಾಗಿತ್ತು. ಉಳಿದುದು ಅವನ ಕೈಯಲ್ಲಿರಲಿಲ್ಲ.

ಯಲಗೂರಪ್ಪ ತಮ್ಮಣ್ಣನ ಚೀಲವನ್ನು ಎತ್ತಿ ಅವನ ಹೆಗಲಿಗೆ ಏರಿಸಿದ. ಹೊಸ್ತಿಲವರೆಗೆ ಜೊತೆಗೆ ನಡೆದ. "ನೀ ಹೋಗಿ ಬಾರೋ," ಎಂದ. "ನನಗ ಮುಂಜಾನೆ ನೀರ ಹಾಯಿಸೋದೈತಿ."

ತಮ್ಮಣ್ಣ ನಕ್ಕು, ಒಬ್ಬನೇ ಅಂಗಳಕ್ಕಿಳಿದ. ಅವನು ಬೇಲಿ ದಾಟುವವರೆಗೂ ನೋಡುತ್ತಿದ್ದು, ಯಲಗೂರಪ್ಪ ಶೆಡ್ಡಿನ ಬಾಗಿಲನ್ನು ಒಳಗಿನಿಂದ ಎಳೆದು ಮುಚ್ಚಿದ.